ಬಳಸಿದ ಪ್ಲಾಸ್ಮಾ ಕಟರ್: ದೋಷ ಪತ್ತೆ ಮತ್ತು ವಿದ್ಯುತ್ ಅಡಚಣೆಯ ನಿವಾರಣೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವೆಲ್ಡಿಂಗ್ ಅಂಗಡಿ ಇಲ್ಲದ ಹೋಬಳಿ ಕೇಂದ್ರವನ್ನು ಕಾಣುವುದು ಕಷ್ಟ. ಕಿಟಕಿ ಗ್ರಿಲ್, ಗೇಟು, ಟ್ರ್ಯಾಕ್ಟರ್ ಟ್ರೈಲರ್, ಗದ್ದೆಗೆ ಇಳಿಯುವ ಕೇಜ್ ವೀಲ್ ಮುಂತಾದ ಕೆಲಸಗಳು ವರ್ಷವಿಡೀ ದೊರೆಯುತ್ತವೆ. ಮುಂಗಾರಿನ ಆರಂಭದಲ್ಲಿ, ಹೊಗೆಸೊಪ್ಪು ಹದಗೊಳಿಸುವ ಕಾಲ ಸಮೀಪಿಸುತ್ತಿದ್ದಂತೆ, ಬ್ಯಾರನ್‌ಗಳ ಒಲೆ ಮತ್ತು ಪೈಪುಗಳ ದುರಸ್ತಿ ಕೆಲಸ ಒಮ್ಮೆಲೇ ಬಂದು ಬೀಳುತ್ತದೆ. ಇಂತಹ ತಗಡಿನ ಕೆಲಸಕ್ಕೆ ಗ್ಯಾಸ್ ಕಟಿಂಗ್ ಅಷ್ಟು ಹೊಂದುವುದಿಲ್ಲ. ತೆಳು ಶೀಟು ಕಾವಿಗೆ ಸೊಟ್ಟಗಾಗುತ್ತದೆ, ಸಿಲಿಂಡರ್ ತುಂಬಿಸಲು ಪೇಟೆಗೆ ಹೋಗಬೇಕಾಗುತ್ತದೆ, ಸ್ಟೀಲ್ ಮತ್ತು ಅಲ್ಯೂಮಿನಿಯಂ ಅದರಿಂದ ಸರಿಯಾಗಿ ಕತ್ತರಿಸಲಾಗದು. ವಿದ್ಯುತ್ತು ಮತ್ತು ಗಾಳಿ ಇದ್ದರೆ ಸಾಕು ಎನ್ನುವ ಪ್ಲಾಸ್ಮಾ ಕಟರ್ ಸಣ್ಣ ಉದ್ದಿಮೆದಾರರನ್ನು ಸೆಳೆಯುವುದು ಈ ಕಾರಣದಿಂದಲೇ. ದೊಡ್ಡ ಘಟಕಗಳು ತೆಳು ಶೀಟಿನ ಕೆಲಸಕ್ಕೆ ಲೇಸರ್ ಯಂತ್ರಗಳಿಗೆ ಬದಲಾಗುತ್ತಿರುವುದರಿಂದ ಬಳಸಿದ ಪ್ಲಾಸ್ಮಾ ಯಂತ್ರಗಳು ಹೊಸದರ ಬೆಲೆಯ ಒಂದು ಭಾಗಕ್ಕೇ ಕೈಗೆಟಕುತ್ತವೆ.

ಹೀಗೆ ಕೊಂಡ ಯಂತ್ರದ ಬಗ್ಗೆ ಕೇಳಿಬರುವ ದೂರುಗಳು ಎರಡು ಬಗೆಯವು. ಯಂತ್ರ ಸರಿಯಾಗಿ ಕತ್ತರಿಸುತ್ತಿಲ್ಲ ಎಂಬುದು ಮೊದಲನೆಯದು. ಯಂತ್ರ ಚಾಲೂ ಆದೊಡನೆ ಸುತ್ತಲಿನ ಬೇರೆ ಉಪಕರಣಗಳು ಕೆಡುತ್ತಿವೆ ಎಂಬುದು ಎರಡನೆಯದು. ಮೊದಲನೆಯದು ಮಾಲೀಕನ ನಷ್ಟ ಮಾತ್ರ. ಎರಡನೆಯದು ಬೀದಿಯ ಜಗಳವಾಗಬಲ್ಲದು. ಗಾವಡಗೆರೆಯಂತಹ ಹೋಬಳಿ ಕೇಂದ್ರದಲ್ಲಿ ವೆಲ್ಡಿಂಗ್ ಅಂಗಡಿ, ಜೆರಾಕ್ಸ್ ಅಂಗಡಿ, ಹಾಲು ಉತ್ಪಾದಕರ ಸಂಘದ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲವೂ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ, ಕೆಲವೊಮ್ಮೆ ಒಂದೇ ಗೋಡೆಯ ಎರಡು ಬದಿಗಳಲ್ಲಿ ಇರುವುದು ಸಾಮಾನ್ಯ. ಟಾರ್ಚಿನ ಗುಂಡಿ ಒತ್ತಿದಾಗಲೆಲ್ಲ ತಕ್ಕಡಿಯ ಅಂಕಿ ಜಿಗಿಯತೊಡಗಿದರೆ ಅದು ಹಾಲು ತಂದವರ ದುಡ್ಡಿನ ಪ್ರಶ್ನೆ.

ಕಿಡಿ ಮತ್ತು ರೇಡಿಯೋ

ಅಡಚಣೆ ಏಕೆ ಉಂಟಾಗುತ್ತದೆ ಎಂಬುದನ್ನು ತಿಳಿದರೆ ಪರಿಹಾರದ ಅರ್ಧ ದಾರಿ ಸವೆದಂತೆ. ಟಾರ್ಚಿನೊಳಗೆ ಎಲೆಕ್ಟ್ರೋಡ್ ಮತ್ತು ನಾಜಲ್ ನಡುವೆ ಮೊದಲ ಕಿಡಿ ಹೊತ್ತಬೇಕು. ಆ ಕಿಡಿ ಹರಿಯುವ ಗಾಳಿಯನ್ನು ಪ್ಲಾಸ್ಮಾ ಸ್ಥಿತಿಗೆ ತರುತ್ತದೆ. ಬಳಿಕ ಆರ್ಕ್ ನಾಜಲಿನಿಂದ ಕತ್ತರಿಸಬೇಕಾದ ಲೋಹಕ್ಕೆ ವರ್ಗವಾಗುತ್ತದೆ. ಈ ಮೊದಲ ಕಿಡಿಯನ್ನು ಹೊತ್ತಿಸುವ ವಿಧಾನಗಳು ಎರಡು. ಹಳೆಯ ಹಾಗೂ ಅಗ್ಗದ ಯಂತ್ರಗಳಲ್ಲಿ ಹಲವು ಸಾವಿರ ವೋಲ್ಟಿನ, ಸೆಕೆಂಡಿಗೆ ಲಕ್ಷಗಟ್ಟಲೆಯಿಂದ ದಶಲಕ್ಷಗಟ್ಟಲೆ ಬಾರಿ ಕಂಪಿಸುವ ಅಧಿಕ ಕಂಪನಾಂಕದ ವಿದ್ಯುತ್ತನ್ನು ಸ್ಪಾರ್ಕ್ ಗ್ಯಾಪ್ ಮೂಲಕ ಹುಟ್ಟಿಸಿ ಟಾರ್ಚಿಗೆ ಕಳುಹಿಸಲಾಗುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಎಚ್.ಎಫ್. ಸ್ಟಾರ್ಟ್ ಎನ್ನುತ್ತಾರೆ. ಇನ್ನೊಂದು ವಿಧಾನದಲ್ಲಿ ಎಲೆಕ್ಟ್ರೋಡ್ ಮತ್ತು ನಾಜಲ್ ಮೊದಲು ಒಂದಕ್ಕೊಂದು ತಾಗಿಕೊಂಡಿದ್ದು, ಗಾಳಿಯ ಒತ್ತಡ ಅವೆರಡನ್ನು ಬೇರ್ಪಡಿಸಿದಾಗ ಕಿಡಿ ಹುಟ್ಟುತ್ತದೆ. ಇದು ಕಾಂಟ್ಯಾಕ್ಟ್ ಸ್ಟಾರ್ಟ್.

ಕಿಡಿ ಎಂದರೆ ರೇಡಿಯೋ ಪ್ರಸಾರಕವೇ ಸರಿ. 1895ರಲ್ಲಿ ಕೋಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು ದೂರದಲ್ಲಿದ್ದ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿ ತೋರಿಸಿದ್ದು ವಿದ್ಯುತ್ ಕಿಡಿಯಿಂದ ಹೊರಟ ಅಲೆಗಳಿಂದಲೇ. ಎಚ್.ಎಫ್. ಯಂತ್ರವೂ ಅದೇ ಕೆಲಸವನ್ನು ಯಾರೂ ಕೇಳದಿದ್ದರೂ ಮಾಡುತ್ತದೆ. ಟಾರ್ಚ್ ಕೇಬಲ್ ಅದರ ಆಂಟೆನಾ. ಕಾಂಟ್ಯಾಕ್ಟ್ ಸ್ಟಾರ್ಟ್ ಯಂತ್ರದಲ್ಲಿ ಈ ಉಪದ್ರವ ಬಹಳ ಕಡಿಮೆ. ಆದುದರಿಂದ ಕಂಪ್ಯೂಟರ್ ನಿಯಂತ್ರಿತ ಟೇಬಲಿಗೆ ಜೋಡಿಸುವ ಉದ್ದೇಶವುಳ್ಳವರು ಯಂತ್ರ ಯಾವ ಬಗೆಯದೆಂದು ಕೊಳ್ಳುವ ಮೊದಲೇ ವಿಚಾರಿಸತಕ್ಕದ್ದು. ಬೆಲೆಯಲ್ಲಿ ಉಳಿದ ಹಣ ಕೆಟ್ಟ ಕಂಟ್ರೋಲರ್ ಬೋರ್ಡಿಗೆ ಹೋಗುವುದು ಅಪರೂಪವಲ್ಲ.

ಕಿಡಿಯ ಹೊರತಾಗಿ, ಇನ್ವರ್ಟರ್ ಮಾದರಿಯ ಯಂತ್ರಗಳಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವ ಟ್ರಾನ್ಸಿಸ್ಟರುಗಳಿಂದಲೂ ಅಡಚಣೆ ಹುಟ್ಟುತ್ತದೆ. ಕಿಡಿಯದು ಆರಂಭದ ಕ್ಷಣಕ್ಕೆ ಸೀಮಿತ. ಇದು ಕತ್ತರಿಸುವಷ್ಟು ಹೊತ್ತೂ ಇರುತ್ತದೆ. ಈ ವ್ಯತ್ಯಾಸ ಮುಂದೆ ಪತ್ತೆಗೆ ಉಪಯೋಗಕ್ಕೆ ಬರುತ್ತದೆ.

ಮೊದಲು ಯಂತ್ರದ ಆರೋಗ್ಯ

ಅಡಚಣೆಯ ಬೆನ್ನು ಹತ್ತುವ ಮೊದಲು ಯಂತ್ರ ಸುಸ್ಥಿತಿಯಲ್ಲಿದೆಯೇ ಎಂದು ನೋಡಬೇಕು. ಕಿಡಿ ಒಂದೇ ಸಲಕ್ಕೆ ಹೊತ್ತದೆ ಚಟಚಟನೆ ಹತ್ತಾರು ಬಾರಿ ಪ್ರಯತ್ನಿಸುವ ಯಂತ್ರ ಅಡಚಣೆಯನ್ನೂ ಅಷ್ಟು ಪಟ್ಟು ಹೆಚ್ಚು ಹೊರಸೂಸುತ್ತದೆ.

ಇಲ್ಲಿ ಮೊದಲ ಆರೋಪಿ ಗಾಳಿ. ಬ್ಯಾರನ್ ಕೆಲಸ ಬರುವ ಕಾಲವೇ ಮಳೆಗಾಲವಾದ್ದರಿಂದ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಬೇಗ ಸೇರುತ್ತದೆ. ಟಾರ್ಚಿನಿಂದ ಗಾಳಿ ಮಾತ್ರ ಬಿಟ್ಟು, ಅದರ ಮುಂದೆ ಬಿಳಿ ಕಾಗದ ಹಿಡಿದರೆ ನೀರು ಅಥವಾ ಎಣ್ಣೆಯ ಕಲೆ ಕಾಣಬಾರದು. ಒತ್ತಡದ ಗೇಜನ್ನು ಗಾಳಿ ನಿಂತಿರುವಾಗ ನೋಡಿ ಪ್ರಯೋಜನವಿಲ್ಲ, ಹರಿಯುತ್ತಿರುವಾಗ ನೋಡಬೇಕು. 40 ಆಂಪಿಯರಿನ ಯಂತ್ರಕ್ಕೆ ಸಾಮಾನ್ಯವಾಗಿ 5 ಬಾರ್ ಆಸುಪಾಸಿನ ಒತ್ತಡದಲ್ಲಿ ನಿಮಿಷಕ್ಕೆ 120ರಿಂದ 190 ಲೀಟರ್ ಗಾಳಿ ಬೇಕು. 1 ಅಶ್ವಶಕ್ತಿಯ ಪುಟ್ಟ ಕಂಪ್ರೆಸರ್ ಇದನ್ನು ಬಿಡುವಿಲ್ಲದೆ ಒದಗಿಸಲಾರದು. ಕೆಲವು ಸೆಕೆಂಡು ಕತ್ತರಿಸಿ ತಾನಾಗಿ ನಿಲ್ಲುವ ಯಂತ್ರದಲ್ಲಿ ಕೆಟ್ಟಿರುವುದು ಹಲವು ಬಾರಿ ಬೋರ್ಡ್ ಅಲ್ಲ. ಗಾಳಿ ಸಾಲದೆ ಪ್ರೆಷರ್ ಸ್ವಿಚ್ ಕಡಿದಿರುತ್ತದೆ.

ಎರಡನೆಯದು ವೋಲ್ಟೇಜು. ಲೆಕ್ಕ ಸರಳ. 40 ಆಂಪಿಯರಿನಲ್ಲಿ ಕತ್ತರಿಸುವಾಗ ಆರ್ಕಿನ ವೋಲ್ಟೇಜು 96ರಷ್ಟಿದ್ದರೆ ಬೇಕಾಗುವುದು 3,840 ವ್ಯಾಟ್. ಯಂತ್ರದೊಳಗಿನ ನಷ್ಟ ಸೇರಿಸಿದರೆ ಸುಮಾರು 4,500 ವ್ಯಾಟ್. ಪವರ್ ಫ್ಯಾಕ್ಟರ್ 0.7 ಎಂದು ಹಿಡಿದರೆ 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ 28 ಆಂಪಿಯರ್ ಎಳೆಯುತ್ತದೆ. ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿದರೆ ಅದು 36 ಆಂಪಿಯರಿನ ಹತ್ತಿರ ಬರುತ್ತದೆ. 15 ಆಂಪಿಯರಿನ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ ಯಂತ್ರವನ್ನು ಬೈಯುವುದು ನ್ಯಾಯವಲ್ಲ. ಮಂಜೂರಾದ ಲೋಡು ಸಾಲದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಸಲ್ಲಿಸಿ ಹೆಚ್ಚಿಸಿಕೊಳ್ಳುವುದೇ ಸರಿಯಾದ ಮಾರ್ಗ. ಹೊರದೇಶದಿಂದ ಬಂದ ಹಳೆಯ ಯಂತ್ರವಾದರೆ ನಾಮಫಲಕವನ್ನು ಓದಲೇಬೇಕು. ಜಪಾನಿನ 200 ವೋಲ್ಟಿನ ಯಂತ್ರವನ್ನೂ ಅಮೆರಿಕದ 460 ವೋಲ್ಟಿನ ಯಂತ್ರವನ್ನೂ ನಮ್ಮ 415 ವೋಲ್ಟಿನ ಮೂರು ಫೇಸಿಗೆ ನೇರವಾಗಿ ಜೋಡಿಸಲಾಗದು.

ಸವೆಯುವ ಭಾಗಗಳ ವಿಷಯ ಬಹುತೇಕರಿಗೆ ತಿಳಿದದ್ದೇ. ತಾಮ್ರದ ಎಲೆಕ್ಟ್ರೋಡಿನ ತುದಿಯಲ್ಲಿ ಹಾಫ್ನಿಯಂ ಲೋಹದ ಚಿಕ್ಕ ತುಣುಕು ಇರುತ್ತದೆ. ಅಲ್ಲಿ 1.5 ಮಿ.ಮೀ. ಆಳದ ಗುಳಿ ಬಿದ್ದಿದ್ದರೆ ಅದರ ಆಯಸ್ಸು ಮುಗಿಯಿತು. ಆರ್ಕ್ ಹಸಿರು ಬಣ್ಣಕ್ಕೆ ತಿರುಗಿದರೆ ತಾಮ್ರವೇ ಉರಿಯುತ್ತಿದೆ ಎಂದರ್ಥ. ನಾಜಲಿನ ರಂಧ್ರ ದುಂಡಗಿರಬೇಕು ಮತ್ತು ಯಂತ್ರದ ಆಂಪಿಯರಿಗೆ ತಕ್ಕುದಾಗಿರಬೇಕು. ಎಲೆಕ್ಟ್ರೋಡ್ ಮತ್ತು ನಾಜಲನ್ನು ಒಟ್ಟಿಗೇ ಬದಲಿಸುವುದು ಒಳ್ಳೆಯದು. ಎಚ್.ಎಫ್. ಯಂತ್ರವಾದರೆ ಒಳಗಿನ ಸ್ಪಾರ್ಕ್ ಗ್ಯಾಪ್ ತಯಾರಕರು ಹೇಳಿದ ಅಳತೆಯಲ್ಲಿರಬೇಕು. ಅದು ಸಾಮಾನ್ಯವಾಗಿ 1 ಮಿ.ಮೀ.ಗಿಂತ ಕಡಿಮೆ. ಸವೆದು ಅಗಲವಾದ ಗ್ಯಾಪ್ ಕಿಡಿಯ ವೋಲ್ಟೇಜನ್ನೂ ಅಡಚಣೆಯನ್ನೂ ಏರಿಸುತ್ತದೆ.

ಹಿಂದಿನ ರಿಪೇರಿಯ ಗುರುತುಗಳು

ಬಳಸಿದ ಯಂತ್ರಕ್ಕೂ ಹೊಸ ಯಂತ್ರಕ್ಕೂ ಇರುವ ನಿಜವಾದ ವ್ಯತ್ಯಾಸ ಸವಕಳಿಯಲ್ಲ, ಯಾರೋ ಅದನ್ನು ಬಿಚ್ಚಿದ್ದಾರೆ ಎಂಬುದು. ಅಡಚಣೆಯ ದೂರುಗಳಲ್ಲಿ ಇದನ್ನು ಮರೆಯಲಾಗದು.

ಯಂತ್ರದ ವಿದ್ಯುತ್ ಪ್ರವೇಶದ ಬಳಿ ಫೇಸ್ ಹಾಗೂ ನ್ಯೂಟ್ರಲ್‌ನಿಂದ ಯಂತ್ರದ ಲೋಹದ ಮೈಗೆ ಜೋಡಿಸಿದ ಪುಟ್ಟ ಕೆಪಾಸಿಟರುಗಳು ಇರುತ್ತವೆ. ಸಾಮಾನ್ಯವಾಗಿ ನೀಲಿ ಬಿಲ್ಲೆಯಂತೆ ಕಾಣುವ ಇವುಗಳ ಕೆಲಸ ಅಧಿಕ ಕಂಪನಾಂಕದ ಗದ್ದಲ ಮೇನ್ಸ್ ತಂತಿಗೆ ಹೋಗದಂತೆ ತಡೆದು ಅರ್ಥಿಂಗ್ ತಂತಿಗೆ ಇಳಿಸುವುದು. ಈ ಕೆಲಸದ ಸ್ವಭಾವದಿಂದಲೇ ಅವು ಸ್ವಲ್ಪ ವಿದ್ಯುತ್ತನ್ನು ಸದಾ ಅರ್ಥಿಂಗಿಗೆ ಸೋರಿಸುತ್ತವೆ. 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಇರುವ ಅಂಗಡಿಯಲ್ಲಿ ಈ ಸೋರಿಕೆಯ ಜೊತೆಗೆ ಬೇರೆ ಉಪಕರಣಗಳದೂ ಸೇರಿದರೆ ಬ್ರೇಕರ್ ಬೀಳಬಹುದು. ಆಗ ಮೆಕ್ಯಾನಿಕ್ ಮಾಡುವ ಎರಡು ಸುಲಭ ಉಪಾಯಗಳಿವೆ: ಕೆಪಾಸಿಟರುಗಳನ್ನು ಕತ್ತರಿಸಿ ತೆಗೆಯುವುದು, ಇಲ್ಲವೇ ಪ್ಲಗ್ಗಿನ ಅರ್ಥಿಂಗ್ ತಂತಿಯನ್ನೇ ಬಿಡಿಸುವುದು. ಬ್ರೇಕರ್ ಬೀಳುವುದು ನಿಲ್ಲುತ್ತದೆ. ಯಂತ್ರ ಕತ್ತರಿಸುತ್ತದೆ. ಗಿರಾಕಿಗೆ ಸಂತೋಷ. ಆದರೆ ಅಂದಿನಿಂದ ಗದ್ದಲವೆಲ್ಲ ಬೀದಿಯ ತಂತಿಗೆ ಹರಿಯತೊಡಗುತ್ತದೆ. ಅರ್ಥಿಂಗ್ ತಂತಿ ಬಿಡಿಸಿದ ಯಂತ್ರದ ಮೈ ಯಾವ ದಿನವಾದರೂ ಶಾಕ್ ಹೊಡೆಯಬಲ್ಲದು, ಜೀವವನ್ನೂ ತೆಗೆಯಬಲ್ಲದು.

ಆದುದರಿಂದ ಕವಚ ತೆರೆದು ನೋಡುವಾಗ ಖಾಲಿ ಬಿಟ್ಟ ಬೆಸುಗೆಯ ರಂಧ್ರಗಳು, ತುಂಡಾದ ಕಾಲುಗಳು, ಹಳದಿ-ಹಸಿರು ತಂತಿಯ ಅನಾಥ ತುದಿ ಇವನ್ನು ಹುಡುಕಬೇಕು. ಬದಲಿ ಹಾಕುವಾಗ ಇದೇ ಕೆಲಸಕ್ಕೆಂದು ತಯಾರಾದ, ವೈ ಎಂಬ ವರ್ಗದ ಗುರುತುಳ್ಳ ಕೆಪಾಸಿಟರನ್ನೇ, ಅದೇ ಮೌಲ್ಯದಲ್ಲಿ ಹಾಕಬೇಕು. ಮಾಮೂಲಿ ಕೆಪಾಸಿಟರ್ ಶಾರ್ಟ್ ಆದರೆ ಯಂತ್ರದ ಮೈಗೆ ನೇರ ಫೇಸ್ ಬರುತ್ತದೆ. ಕವಚದ ಬಿಟ್ಟುಹೋದ ಸ್ಕ್ರೂಗಳೂ ಲೆಕ್ಕಕ್ಕೆ ಬರುತ್ತವೆ. ಲೋಹದ ಕವಚ ಅಂದಕ್ಕಾಗಿ ಇರುವುದಲ್ಲ. ಅದು ಗದ್ದಲವನ್ನು ಒಳಗೇ ಹಿಡಿದಿಡುವ ಪೆಟ್ಟಿಗೆ. ಬಿಸಿಯಾಗುತ್ತದೆಂದು ಕವಚವನ್ನೇ ತೆಗೆದಿಟ್ಟು ಓಡಿಸುವ ಪದ್ಧತಿ ಎರಡು ರೀತಿಯಲ್ಲೂ ಹಾನಿಕರ. ಗ್ರೈಂಡರಿನ ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಕೂತು ಟ್ರಾನ್ಸಿಸ್ಟರುಗಳನ್ನು ಸುಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಂಗಲ್ ಫೇಸ್ ಯಂತ್ರದ ದೊಡ್ಡ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್, ಮೂರು ಫೇಸಿನದರಲ್ಲಿ 580 ವೋಲ್ಟಿಗೂ ಮೀರಿದ ಡಿ.ಸಿ. ಇರಬಹುದು. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತು, ಕನಿಷ್ಠ 5 ನಿಮಿಷ ಬಿಟ್ಟು, ಮೀಟರಿನಿಂದ ಅಳೆದ ನಂತರವೇ ಕೈ ಹಾಕತಕ್ಕದ್ದು. ಈ ಕೆಲಸದ ಪರಿಚಯ ಇಲ್ಲದವರು ಬಲ್ಲವರಿಗೆ ಕೊಡುವುದೇ ಲೇಸು.

ಯಾವಾಗ, ಯಾವ ದಾರಿಯಲ್ಲಿ

ಅಡಚಣೆಯ ಪತ್ತೆಗೆ ದುಬಾರಿ ಉಪಕರಣ ಬೇಕಿಲ್ಲ. ಕ್ರಮವಾಗಿ ಕೇಳಬೇಕಾದ ಪ್ರಶ್ನೆಗಳು ಎರಡೇ.

ಮೊದಲನೆಯದು, ಯಾವಾಗ? ಮೊದಲು ಕಂಪ್ರೆಸರನ್ನು ಮಾತ್ರ ಚಾಲೂ ಮಾಡಿ ನೋಡಬೇಕು. ಮೋಟಾರ್ ಎದ್ದ ಕ್ಷಣ ವೋಲ್ಟೇಜು ಕುಸಿದು ಕಂಪ್ಯೂಟರ್ ನಿಂತರೆ, ಪ್ಲಾಸ್ಮಾ ಯಂತ್ರದ ಮೇಲೆ ಹೊರಿಸಿದ ಅಪವಾದ ಸುಳ್ಳು. ಎಷ್ಟೋ ಕಡೆ ವಿಷಯ ಇಲ್ಲಿಗೇ ಮುಗಿಯುತ್ತದೆ. ಹಾಗಾಗದಿದ್ದರೆ, ಪ್ಲಾಸ್ಮಾ ಯಂತ್ರವನ್ನು ಟಾರ್ಚ್ ಮುಟ್ಟದೆ ಆನ್ ಮಾಡಿಡಬೇಕು. ಆಗಲೇ ತೊಂದರೆ ಬಂದರೆ ಇನ್ವರ್ಟರ್ ಮತ್ತು ಫಿಲ್ಟರ್ ಕಡೆ ನೋಡಬೇಕು. ಬಳಿಕ ಪೈಲಟ್ ಆರ್ಕ್ ಇರುವ ಟಾರ್ಚಾದರೆ ಗಾಳಿಯಲ್ಲೇ ಕ್ಷಣಕಾಲ ಹೊತ್ತಿಸಬೇಕು. ಇದನ್ನು ಪದೇ ಪದೇ ಮಾಡಿದರೆ ನಾಜಲ್ ಸವೆಯುತ್ತದೆ. ಆ ಕ್ಷಣದಲ್ಲಿ ಮಾತ್ರ ತೊಂದರೆ ಕಂಡರೆ ಕಿಡಿಯೇ ಕಾರಣ. ಕೊನೆಗೆ ತಗಡಿನ ಮೇಲೆ ಕತ್ತರಿಸಿ ನೋಡಬೇಕು. ಕತ್ತರಿಸುವಾಗ ಮಾತ್ರ ತೊಂದರೆ ಬಂದರೆ ಹಿಂತಿರುಗುವ ಕೇಬಲ್ ಮತ್ತು ಅದರ ಕ್ಲ್ಯಾಂಪನ್ನು ಮೊದಲು ಶಂಕಿಸಬೇಕು.

ಎರಡನೆಯದು, ಯಾವ ದಾರಿಯಲ್ಲಿ? ತೊಂದರೆಗೀಡಾದ ಉಪಕರಣವನ್ನು ಅದರ ಬ್ಯಾಟರಿಯ ಮೇಲೆ ಓಡಿಸಿ, ಮೇನ್ಸ್ ಪ್ಲಗ್ ಕಿತ್ತು, ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಲ್ಯಾಪ್‌ಟಾಪ್‌ಗೂ ಹೆಚ್ಚಿನ ಎಲೆಕ್ಟ್ರಾನಿಕ್ ತಕ್ಕಡಿಗಳಿಗೂ ಒಳಗೇ ಬ್ಯಾಟರಿ ಇರುತ್ತದೆ. ತೊಂದರೆ ಮಾಯವಾದರೆ ಅದು ಬಂದದ್ದು ಮೇನ್ಸ್ ತಂತಿಯ ಮೂಲಕ. ಹಾಗೆಯೇ ಉಳಿದರೆ ಅದು ಗಾಳಿಯ ಮೂಲಕವೋ ಬೇರೆ ಸಂಪರ್ಕ ಕೇಬಲ್‌ಗಳ ಮೂಲಕವೋ ಬರುತ್ತಿದೆ. ಗಾಳಿಯ ದಾರಿಯನ್ನು ಹಿಡಿಯಲು ಹಳೆಯ ಪಾಕೆಟ್ ರೇಡಿಯೋ ಸಾಕು. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಇಲ್ಲದ ಕಡೆ ಮುಳ್ಳನ್ನು ನಿಲ್ಲಿಸಿ, ಒಬ್ಬರು ಟಾರ್ಚ್ ಹೊತ್ತಿಸುವಾಗ ಇನ್ನೊಬ್ಬರು ಕೇಬಲ್, ಬೋರ್ಡು, ಗೋಡೆಗಳ ಬಳಿ ರೇಡಿಯೋ ಹಿಡಿದು ನಡೆದರೆ ಕರಕರ ಸದ್ದು ಎಲ್ಲಿ ಜೋರಾಗುತ್ತದೆಯೋ ಅಲ್ಲಿ ಸೋರಿಕೆ ಇದೆ. ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಪರೀಕ್ಷೆಯ ಹತ್ತಿರವೂ ಬರಬಾರದು.

ತಂತಿಯ ಮೂಲಕ ಬರುವ ಅಡಚಣೆಗೆ ಪ್ಲಾಸ್ಮಾ ಯಂತ್ರಕ್ಕೆ ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕ ಲೈನು ಎಳೆಯುವುದು ಮೊದಲ ಹೆಜ್ಜೆ. ಅದು ಸಾಲದಿದ್ದರೆ ಯಂತ್ರದ ಆಂಪಿಯರಿಗೆ ತಕ್ಕ ಲೈನ್ ಫಿಲ್ಟರನ್ನು ಯಂತ್ರದ ಹತ್ತಿರವೇ, ಬಣ್ಣ ಕೆರೆದ ಲೋಹಕ್ಕೆ ತಾಗುವಂತೆ ಬಿಗಿದು ಕೂರಿಸಬೇಕು. ಇಲ್ಲಿ ವರ್ತಕರು ಗಮನಿಸಬೇಕಾದ ಒಂದು ಮಾತಿದೆ. ಈ ತೊಂದರೆಗೆ ಸ್ಟೆಬಿಲೈಜರ್ ಮಾರುವುದೂ ಕೊಳ್ಳುವುದೂ ವ್ಯರ್ಥ. ಅದು ವೋಲ್ಟೇಜಿನ ಏರಿಳಿತವನ್ನು ಸರಿಪಡಿಸುತ್ತದೆಯೇ ಹೊರತು ಅಧಿಕ ಕಂಪನಾಂಕದ ಗದ್ದಲವನ್ನಲ್ಲ.

ಗಾಳಿಯ ಮೂಲಕ ಹೋಗುವುದನ್ನು ತಗ್ಗಿಸಲು ಖರ್ಚೇ ಬೇಕಿಲ್ಲ. ಟಾರ್ಚ್ ಕೇಬಲ್ ಮತ್ತು ಹಿಂತಿರುಗುವ ಕೇಬಲ್ ಎರಡನ್ನೂ ಜೊತೆಯಾಗಿ, ನೆಲಕ್ಕೆ ತಾಗಿಕೊಂಡಂತೆ ಎಳೆಯಬೇಕು. ಅವು ಅಗಲಗಲವಾಗಿ ಹೋದಷ್ಟೂ ನಡುವಿನ ಕುಣಿಕೆ ದೊಡ್ಡದಾಗಿ ಒಳ್ಳೆಯ ಆಂಟೆನಾ ಆಗುತ್ತದೆ. ಉಳಿದ ಕೇಬಲನ್ನು ಸುರುಳಿ ಸುತ್ತಿ ಗೋಡೆಯ ಮೊಳೆಗೆ ತೂಗುಹಾಕುವ ಅಭ್ಯಾಸ ಬಿಡಬೇಕು. ಕ್ಲ್ಯಾಂಪು ಕತ್ತರಿಸುವ ತಗಡಿಗೇ, ಕತ್ತರಿಸುವ ಜಾಗಕ್ಕೆ ಹತ್ತಿರ, ತುಕ್ಕು ಮತ್ತು ಬಣ್ಣ ಕೆರೆದ ಕಡೆ ಹಿಡಿದಿರಬೇಕು. ಕಂಪ್ಯೂಟರ್ ನಿಯಂತ್ರಿತ ಟೇಬಲಿದ್ದರೆ ಸಿಗ್ನಲ್ ಕೇಬಲ್‌ಗಳು ಹೆಣೆದ ಕವಚವುಳ್ಳವಾಗಿದ್ದು ಟಾರ್ಚ್ ಕೇಬಲಿನಿಂದ ದೂರ ಸಾಗಬೇಕು, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಬೇಕು. ಕಂಟ್ರೋಲರಿಗೆ ಯು.ಎಸ್.ಬಿ. ಸಂಪರ್ಕಕ್ಕಿಂತ ನೆಟ್‌ವರ್ಕ್ ಕೇಬಲಿನ ಸಂಪರ್ಕ ಗದ್ದಲವನ್ನು ಚೆನ್ನಾಗಿ ತಾಳುತ್ತದೆ.

ಭೂಸಂಪರ್ಕ

ಇಷ್ಟೆಲ್ಲ ಮಾಡಿಯೂ ಉಳಿಯುವ ತೊಂದರೆ ಬಹುತೇಕ ಅರ್ಥಿಂಗಿನದು. ಹುಣಸೂರು ಸೀಮೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಪಿಟ್ಟಿನ ರೋಧ ಏರುತ್ತದೆ. ಮಳೆಗಾಲದಲ್ಲಿ ಇಲ್ಲದ ತೊಂದರೆ ಮಾರ್ಚ್-ಏಪ್ರಿಲ್‌ನಲ್ಲಿ ಕಾಣಿಸಿಕೊಂಡರೆ ಅನುಮಾನಿಸಬೇಕಾದ್ದು ಪಿಟ್ಟನ್ನು. ಅದಕ್ಕೆ ನೀರು ಹಾಕುವುದು ಹಳೆಯ ಪದ್ಧತಿಯಾದರೂ ಇಂದಿಗೂ ಸರಿಯೇ. ಅರ್ಥಿಂಗಿನ ವಿಧಿವಿಧಾನಗಳನ್ನು ಭಾರತೀಯ ಮಾನಕ 3043 ವಿವರಿಸುತ್ತದೆ. 2018ರಲ್ಲಿ ಅದು ಪರಿಷ್ಕೃತಗೊಂಡಿದೆ. ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಲ್ಲಿ ಅರ್ಥ್ ಟೆಸ್ಟರ್ ಇದ್ದು, ವರ್ಷಕ್ಕೊಮ್ಮೆ ಅಳತೆ ಮಾಡಿಸಿ ಬರೆದಿಟ್ಟುಕೊಳ್ಳುವುದು ಹಿತಕರ.

ಅಧಿಕ ಕಂಪನಾಂಕದ ವಿದ್ಯುತ್ತಿಗೆ ಪಿಟ್ಟಿನ ಗುಣಕ್ಕಿಂತ ಅಲ್ಲಿಗೆ ಹೋಗುವ ತಂತಿಯ ಉದ್ದ ಮುಖ್ಯ. ಅಂಗಡಿಯ ಹಿಂದೆ 20 ಮೀಟರ್ ದೂರದ ಪಿಟ್ಟಿಗೆ ಹೋದ ತೆಳು ತಂತಿ ಶಾಕ್ ತಡೆಯಬಹುದು, ಆದರೆ ಗದ್ದಲವನ್ನು ಇಳಿಸಲಾರದು. ಆದುದರಿಂದ ಕತ್ತರಿಸುವ ಟೇಬಲಿನ ಪಕ್ಕದಲ್ಲೇ ಒಂದು ಅರ್ಥ್ ರಾಡ್ ಹೊಡೆದು, ಚಪ್ಪಟೆ ತಾಮ್ರದ ಪಟ್ಟಿ ಅಥವಾ ಹೆಣೆದ ತಂತಿಯಿಂದ ಟೇಬಲಿಗೆ ಜೋಡಿಸಬೇಕು. ಯಂತ್ರದ ಮೈ, ಟೇಬಲು, ಕಂಟ್ರೋಲರ್ ಪೆಟ್ಟಿಗೆ ಇವುಗಳ ಅರ್ಥಿಂಗ್ ತಂತಿಗಳು ಒಂದರಿಂದ ಒಂದಕ್ಕೆ ಸರಪಳಿಯಾಗದೆ ಪ್ರತ್ಯೇಕವಾಗಿ ಟೇಬಲಿನ ಒಂದೇ ಬೋಲ್ಟಿಗೆ ಬಂದು ಸೇರಬೇಕು. ಈ ಬೋಲ್ಟು ಕಟ್ಟಡದ ಮುಖ್ಯ ಅರ್ಥಿಂಗಿನೊಂದಿಗೂ ಕೂಡಿರಲೇಬೇಕು. ಪ್ರತ್ಯೇಕ ರಾಡ್ ಹಾಕಿದೆವೆಂದು ಮೇನ್ಸ್ ಅರ್ಥಿಂಗ್ ತೆಗೆದುಬಿಡುವುದು ಅಪಾಯಕರ. ನ್ಯೂಟ್ರಲನ್ನು ಅರ್ಥಿಂಗಿಗೆ ಸೇರಿಸುವುದೂ ಅಷ್ಟೇ ಅಪಾಯಕರ.

ನೆರೆಯವರ ತಕ್ಕಡಿ

ಕತ್ತರಿಸುವ ಹಾಗೂ ವೆಲ್ಡಿಂಗ್ ಯಂತ್ರಗಳ ಅಡಚಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐ.ಇ.ಸಿ. 60974-10, ಎ ವರ್ಗದ ಯಂತ್ರಗಳನ್ನು ಮನೆಗಳಿಗೆ ವಿದ್ಯುತ್ ಕೊಡುವ ಸಾರ್ವಜನಿಕ ಲೈನಿನ ಮೇಲೆ ಬಳಸಲು ಉದ್ದೇಶಿಸಿಲ್ಲವೆಂದು ಎಚ್ಚರಿಸುತ್ತದೆ. ಹೋಬಳಿ ಕೇಂದ್ರಗಳ ಅಂಗಡಿಗಳಿಗೆ ಮಾತ್ರ ಬೇರೆ ಲೈನು ಎಲ್ಲಿದೆ? ಹೀಗಾಗಿ ಹೊಣೆ ಯಂತ್ರದ ಮಾಲೀಕನ ಮೇಲೆಯೇ ಬೀಳುತ್ತದೆ.

ಹಾಲಿನ ಸಂಘದಿಂದಲೋ ದಿನಸಿ ಅಂಗಡಿಯಿಂದಲೋ ದೂರು ಬಂದರೆ ವಾದಕ್ಕಿಳಿಯದೆ ಅವರೊಂದಿಗೆ ಕೂಡಿ ಪರೀಕ್ಷಿಸುವುದು ಉತ್ತಮ. ಮುದ್ರೆಯಿರುವ 10 ಅಥವಾ 20 ಕಿಲೋ ತೂಕದ ಬಟ್ಟನ್ನು ತಕ್ಕಡಿಯ ಮೇಲಿಟ್ಟು, ಮೊಬೈಲ್ ದೂರವಾಣಿಯಲ್ಲಿ ಮಾತನಾಡುತ್ತ, ಒಬ್ಬರು ಟಾರ್ಚ್ ಹೊತ್ತಿಸುವ ಕ್ಷಣವನ್ನು ಹೇಳಬೇಕು, ಇನ್ನೊಬ್ಬರು ಅಂಕಿಯನ್ನು ಬರೆದುಕೊಳ್ಳಬೇಕು. ಹತ್ತು ಬಾರಿ ಹೀಗೆ ಮಾಡಿದರೆ ಸಂಶಯ ಉಳಿಯದು. ಮೇಲೆ ಹೇಳಿದಂತೆ ಮೇನ್ಸ್ ಮೇಲೆ ಒಮ್ಮೆ, ಬ್ಯಾಟರಿಯ ಮೇಲೆ ಒಮ್ಮೆ ನೋಡಿದರೆ ದಾರಿಯೂ ತಿಳಿಯುತ್ತದೆ. ತಕ್ಕಡಿಯ ಪ್ಲಗ್ಗಿನ ತಂತಿಯನ್ನೂ ಪ್ರದರ್ಶಕಕ್ಕೆ ಹೋಗುವ ಕೇಬಲನ್ನೂ ಫೆರೈಟ್ ಉಂಗುರದೊಳಗೆ ಮೂರು ನಾಲ್ಕು ಸುತ್ತು ಹಾಯಿಸುವುದು ಹೊರಗಿನಿಂದಲೇ ಮಾಡಬಹುದಾದ ಅಗ್ಗದ ಪರಿಹಾರ.

ಆದರೆ ತಕ್ಕಡಿಯನ್ನು ಬಿಚ್ಚಕೂಡದು. ವ್ಯಾಪಾರದಲ್ಲಿ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ಪರಿಶೀಲನೆಗೊಂಡು ಮುದ್ರೆ ಪಡೆದಿರುತ್ತದೆ. ಮುದ್ರೆ ಮುರಿದರೆ ಮರುಪರಿಶೀಲನೆ ಆಗುವವರೆಗೆ ಅದನ್ನು ಬಳಸುವಂತಿಲ್ಲ. ಒಳಗಿನ ಕೆಲಸವೇನಿದ್ದರೂ ಪರವಾನಗಿ ಪಡೆದ ರಿಪೇರಿದಾರರದು. ಪರಿಹಾರ ಪೂರ್ಣವಾಗುವವರೆಗೆ ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವ ವೇಳೆಯಲ್ಲಿ ಟಾರ್ಚ್ ಹೊತ್ತಿಸುವುದಿಲ್ಲವೆಂದು ಸಂಘದ ಕಾರ್ಯದರ್ಶಿಗೆ ಬರೆದುಕೊಡಬೇಕು. ಆ ವೇಳೆಯನ್ನು ಗುರುತು ಹಾಕುವುದು, ಮಡಿಸುವುದು, ವೆಲ್ಡಿಂಗ್ ಮುಂತಾದ ಬೇರೆ ಕೆಲಸಗಳಿಗೆ ಹಂಚಿಕೊಳ್ಳಬಹುದು.